ಹಳೆಯ ಸೈಕಲ್ಲಿಗೆ ಹೊಸ ಮಾಪಕ: ಗಾಲಿಯ ಸುತ್ತು ಎಣಿಸಿದವರ ಕಥೆ

ಗೇರಿರುವ ಸೈಕಲ್ಲೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ತಂದವರು ಅದನ್ನು ಒರೆಸುವಾಗ ಮುಂದಿನ ಫೋರ್ಕಿನ ಮೇಲೆ ಒಂದು ಸಣ್ಣ ಕಪ್ಪು ಗಂಟನ್ನು ಕಾಣುವುದುಂಟು. ಅದರಿಂದ ಹೊರಟ ತೆಳುವಾದ ತಂತಿ ಬ್ರೇಕಿನ ಕೇಬಲ್ಲನ್ನು ಸುತ್ತಿಕೊಂಡು ಮೇಲೇರಿ, ಹ್ಯಾಂಡಲ್ಲಿನ ಮೇಲಿರುವ ಖಾಲಿ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಮುಗಿಯುತ್ತದೆ. ತಟ್ಟೆಯಲ್ಲಿ ಎರಡು ಲೋಹದ ಚುಕ್ಕೆಗಳಿರುತ್ತವೆ. ಗಾಲಿಯ ಕಡ್ಡಿಯೊಂದಕ್ಕೆ ಅಂಗಿಯ ಗುಂಡಿಯಷ್ಟಗಲದ ಅಯಸ್ಕಾಂತವನ್ನು ಬಿಗಿದಿರುತ್ತಾರೆ. ಇಷ್ಟೆಲ್ಲ ಇದ್ದೂ ವೇಗ ಮತ್ತು ದೂರವನ್ನು ತೋರಿಸಬೇಕಾದ ಪುಟ್ಟ ಯಂತ್ರ ಮಾತ್ರ ಇರುವುದಿಲ್ಲ. ಹಿಂದಿನ ಮಾಲೀಕರು ಅದನ್ನು ಕಳೆದಿರುತ್ತಾರೆ, ಇಲ್ಲವೇ ತಮ್ಮಲ್ಲಿಯೇ ಇಟ್ಟುಕೊಂಡಿರುತ್ತಾರೆ.

"ಆ ತಟ್ಟೆಯ ಮೇಲೆ ಹೊಸ ಸೈಕಲ್ ಕಂಪ್ಯೂಟರ್ ಒಂದನ್ನು ತಂದು ಕೂರಿಸಿದರೆ ಆಯಿತಲ್ಲವೇ ಸಾರ್?" ಎಂದು ನಮ್ಮ ಕಾರ್ಯಕ್ರಮದ ಚಿತ್ರೀಕರಣಕ್ಕೆ ಬಂದಿದ್ದ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬ ಕೇಳಿದ. ಆಗಬಹುದು, ಆಗದೆಯೂ ಇರಬಹುದು. ಏಕೆ ಎಂಬುದನ್ನು ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ವಿವರಿಸಲು ಸಮಯ ಸಾಲಲಿಲ್ಲ. ಆ ಕೊರತೆಯನ್ನು ಈ ಪುಟಗಳಲ್ಲಿ ತುಂಬಿಕೊಡುವ ಪ್ರಯತ್ನ ಇಲ್ಲಿದೆ.

ಮೊದಲಿಗೆ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಕಂಪ್ಯೂಟರ್ ಎಂಬ ಹೆಸರು ದೊಡ್ಡದಾದರೂ ಈ ಯಂತ್ರಕ್ಕೆ ದೂರ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗಾಲಿ ಎಷ್ಟು ಸಲ ಸುತ್ತಿತು ಎಂಬುದಷ್ಟೇ. ಒಂದು ಸುತ್ತಿಗೆ ಎಷ್ಟು ನೆಲ ಸಾಗಿತು ಎಂಬ ಸಂಖ್ಯೆಯನ್ನು ಬೇರೆ ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಆ ಸಂಖ್ಯೆಯನ್ನು ಎಲ್ಲಿ ಅಡಗಿಸಿಡಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳೇ ಈ ಮಾಪಕದ ಇತಿಹಾಸ.

ಉಪಾಯ ಸೈಕಲ್ಲಿಗಿಂತ ಬಹಳ ಹಳೆಯದು. ಕ್ರಿಸ್ತಪೂರ್ವ 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ದಾರಿ ಅಳೆಯುವ ಗಾಡಿಯೊಂದನ್ನು ವರ್ಣಿಸಿದ್ದಾನೆ. ಅದರ ಗಾಲಿ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ. ಪ್ರತಿ ಸುತ್ತಿಗೂ 400 ಹಲ್ಲುಗಳಿರುವ ಚಕ್ರವೊಂದು ಒಂದೊಂದೇ ಹಲ್ಲಿನಷ್ಟು ಸರಿಯುತ್ತದೆ. ಆ ಚಕ್ರ ಒಂದು ಸುತ್ತು ಮುಗಿಸಿದಾಗ 5000 ಅಡಿ, ಅಂದರೆ ಒಂದು ರೋಮನ್ ಮೈಲಿ ಆಗಿರುತ್ತದೆ. ಆಗ ಒಂದು ಕಲ್ಲುಹರಳು ಕಂಚಿನ ಪಾತ್ರೆಗೆ ಟಣ್ಣೆಂದು ಬೀಳುತ್ತದೆ. ಸಂಜೆ ಹರಳುಗಳನ್ನು ಎಣಿಸಿದರೆ ಆ ದಿನದ ಪ್ರಯಾಣ ತಿಳಿಯುತ್ತದೆ. ಇಲ್ಲಿ ಗಾಲಿಯ ಪರಿಧಿ ಅಡಗಿರುವುದು ಹಲ್ಲುಗಳ ಸಂಖ್ಯೆಯಲ್ಲಿ. ಗಾಲಿಯನ್ನು ಬದಲಿಸಿದರೆ ಹಲ್ಲಿನ ಚಕ್ರವನ್ನೂ ಬದಲಿಸಬೇಕು. ನಮ್ಮ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ವೆಯವರು ದಂಡಿನ ದಾರಿಗಳನ್ನು ಅಳೆಯಲು ತಳ್ಳಿಕೊಂಡು ಹೋಗುತ್ತಿದ್ದ ಪೆರಾಂಬುಲೇಟರ್ ಎಂಬ ಗಾಲಿಯೂ ಇದೇ ವಂಶದ್ದು.

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಸೈಕಲ್ಲಿಗೆ ತಂದ ಮೇಲೆ ಯುರೋಪ್ ಮತ್ತು ಅಮೆರಿಕಗಳಲ್ಲಿ ಸೈಕಲ್ ಪ್ರವಾಸ ಒಂದು ಗೀಳಾಯಿತು. ಇಂದು ಎಷ್ಟು ಮೈಲಿ ತುಳಿದೆ ಎಂದು ತಿಳಿಯುವ ಆಸೆಯೂ ಅದರ ಜೊತೆಗೆ ಬೆಳೆಯಿತು. ಆ ಆಸೆಯನ್ನು ಅಗ್ಗದಲ್ಲಿ ಪೂರೈಸಿದವನು ಅಮೆರಿಕದ ಹಾರ್ಟ್‌ಫರ್ಡ್ ನಗರದ ಕರ್ಟಿಸ್ ವೀಡರ್. 1895ರಲ್ಲಿ ಆತ ಹೊರತಂದ ಸೈಕ್ಲೋಮೀಟರು ಹೆಬ್ಬೆರಳಿನ ಗಾತ್ರದ್ದು. ಕಡ್ಡಿಗೆ ಕಟ್ಟಿದ ಮೊಳೆಯೊಂದು ಪ್ರತಿ ಸುತ್ತಿಗೂ ಬಂದು ನಕ್ಷತ್ರಾಕಾರದ ಪುಟ್ಟ ಚಕ್ರವನ್ನು ತಟ್ಟುತ್ತದೆ, ಒಳಗಿನ ಹಲ್ಲುಚಕ್ರಗಳು ಆ ತಟ್ಟುಗಳನ್ನು ಮೈಲಿಗಳಾಗಿ ಪರಿವರ್ತಿಸಿ ಕಿಟಕಿಯಲ್ಲಿ ಅಂಕಿಯಾಗಿ ತೋರಿಸುತ್ತವೆ. ವೀಡರನ ಕಂಪನಿ 1928ರಲ್ಲಿ ರೂಟ್ ಎಂಬ ಕಂಪನಿಯೊಂದಿಗೆ ಸೇರಿ ವೀಡರ್-ರೂಟ್ ಆಯಿತು. ಮುಂದೆ ಪೆಟ್ರೋಲ್ ಪಂಪುಗಳಲ್ಲಿ ಗರಗರನೆ ತಿರುಗುತ್ತಿದ್ದ ಅಂಕಿಗಳಿಗೆ ಪ್ರಸಿದ್ಧವಾದ ಹೆಸರು ಅದೇ.

ವೀಡರನ ಮಾಪಕವನ್ನು ಕೊಳ್ಳುವವರು ತಮ್ಮ ಗಾಲಿಯ ಅಳತೆಯನ್ನು ಹೇಳಬೇಕಾಗಿತ್ತು. 28 ಇಂಚಿನ ಗಾಲಿಗೆ ಒಂದು ಮಾದರಿ, 26 ಇಂಚಿನದಕ್ಕೆ ಇನ್ನೊಂದು. ಕಾರಣವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 28 ಇಂಚಿನ ಗಾಲಿ ಒಂದು ಮೈಲಿಗೆ ಸುಮಾರು 720 ಸಲ ಸುತ್ತುತ್ತದೆ, 26 ಇಂಚಿನದು ಸುಮಾರು 776 ಸಲ. ಮೊದಲನೆಯದರ ಮಾಪಕವನ್ನು ಎರಡನೆಯದಕ್ಕೆ ಕಟ್ಟಿದರೆ 100 ಮೈಲಿ ತುಳಿದವನಿಗೆ ಅದು ಹೆಚ್ಚುಕಡಿಮೆ 108 ಎಂದು ತೋರಿಸುತ್ತದೆ! ಮಾಪಕ ಕೆಟ್ಟಿಲ್ಲ, ಸುತ್ತುಗಳನ್ನು ಸರಿಯಾಗಿಯೇ ಎಣಿಸಿದೆ. ಹೊಂದದಿರುವುದು ಗಾಲಿ ಮತ್ತು ಹಲ್ಲುಗಳ ಜೋಡಿ. ಮುಂದೆ ಹಬ್ಬಿನಿಂದ ರಬ್ಬರ್ ಪಟ್ಟಿಯ ಮೂಲಕ ತಿರುಗುವ ಫ್ರಾನ್ಸಿನ ಊರೇ ಕಂಪನಿಯ ಮಾಪಕಗಳು ಬಂದವು. ಮೊಳೆಯ ಟಿಕ್ ಟಿಕ್ ಸದ್ದು ನಿಂತಿತೇ ವಿನಾ ಈ ಕಟ್ಟುಪಾಡು ತಪ್ಪಲಿಲ್ಲ.

ಬಿಡುಗಡೆ ದೊರೆತದ್ದು 1980ರ ದಶಕದಲ್ಲಿ, ವಿದ್ಯುನ್ಮಾನ ಮಾಪಕಗಳು ಬಂದಾಗ. ಜಪಾನಿನ ಒಸಾಕಾ ನಗರದ ಕ್ಯಾಟ್‌ಐ ಕಂಪನಿಯ ಹೆಸರು ಇಲ್ಲಿ ಮುಖ್ಯವಾದುದು. ಈ ಮಾಪಕಗಳ ಜೀವಾಳ ರೀಡ್ ಸ್ವಿಚ್ ಎಂಬ ಸರಳ ಸಾಧನ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ 1936ರಲ್ಲಿ ಇದನ್ನು ರೂಪಿಸಿದ. ಪುಟ್ಟ ಗಾಜಿನ ಕೊಳವೆಯೊಳಗೆ ಒಂದನ್ನೊಂದು ಮುಟ್ಟದೆ ನಿಂತ ಎರಡು ಕಬ್ಬಿಣಾಂಶದ ಎಸಳುಗಳು. ಅಯಸ್ಕಾಂತ ಹತ್ತಿರ ಬಂದರೆ ಅವು ಕೂಡಿಕೊಳ್ಳುತ್ತವೆ, ದೂರ ಸರಿದರೆ ಬಿಡಿಸಿಕೊಳ್ಳುತ್ತವೆ. ಫೋರ್ಕಿನ ಮೇಲಿನ ಆ ಕಪ್ಪು ಗಂಟಿನೊಳಗೆ ಸಾಮಾನ್ಯವಾಗಿ ಇರುವುದು ಇಷ್ಟೇ. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಪರಿಧಿ 2096 ಮಿಲಿಮೀಟರ್ ಇರುವ ಗಾಲಿಯಾದರೆ ಈ ವೇಗದಲ್ಲಿ ಸ್ವಿಚ್ಚು ಸುಮಾರು 0.42 ಸೆಕೆಂಡಿಗೊಮ್ಮೆ ಮುಚ್ಚುತ್ತದೆ. ಎರಡು ಮುಚ್ಚುವಿಕೆಗಳ ನಡುವಿನ ಕಾಲವನ್ನು ಅಳೆದು ಅದರಿಂದ ಪರಿಧಿಯನ್ನು ಭಾಗಿಸಿದರೆ ವೇಗ ಸಿಗುತ್ತದೆ. ಪರಿಧಿಯ ಸಂಖ್ಯೆ ಈಗ ಹಲ್ಲುಗಳಲ್ಲಿಲ್ಲ, ಸ್ಮೃತಿಕೋಶದಲ್ಲಿದೆ. ಗುಂಡಿ ಒತ್ತಿ ಅದನ್ನು ಬದಲಿಸಬಹುದು. ಒಂದೇ ಯಂತ್ರ ಎಲ್ಲ ಗಾಲಿಗಳಿಗೂ ಸಲ್ಲುತ್ತದೆ.

ಹೊಂದಾಣಿಕೆಯ ತೊಡಕು ಇಲ್ಲಿಗೆ ಮುಗಿಯಿತು ಎಂದು ಆಗ ಅನ್ನಿಸಿರಬೇಕು. ಆದರೆ ಗಾಲಿಯ ಕಡೆಯಿಂದ ಹೋದ ತೊಡಕು ತಂತಿಯ ಕಡೆಯಿಂದ ಒಳಗೆ ಬಂತು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅವೊಸೆಟ್ ಕಂಪನಿ ಮಾಡಿದ ಮಾಪಕ ಸೊಗಸಾದದ್ದು. ಕಡ್ಡಿಗೆ ಒಂದು ಅಯಸ್ಕಾಂತದ ಬದಲು ಹಬ್ಬಿನ ಸುತ್ತ 20 ಧ್ರುವಗಳಿರುವ ಉಂಗುರ, ಸ್ವಿಚ್ಚಿನ ಬದಲು ತಂತಿಯ ಸುರುಳಿ. ಉಂಗುರ ತಿರುಗಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರೇರಣೆಯಾಗುತ್ತದೆ. ಫ್ಯಾರಡೆಯ ನಿಯಮವನ್ನು ಓದಿದವರಿಗೆ ಇದು ಗುರುತು ಹತ್ತಬೇಕು. ಪ್ರತಿ ಸುತ್ತಿಗೂ ಹಲವು ಸ್ಪಂದನಗಳು ಬರುವುದರಿಂದ ನಿಧಾನವಾಗಿ ಹೋಗುವಾಗಲೂ ವೇಗದ ಅಂಕಿ ಬೇಗ ಬೇಗ ಹೊಸದಾಗುತ್ತದೆ. ತಾಂತ್ರಿಕವಾಗಿ ಇದೇ ಮೇಲು ಎಂದು ನನ್ನ ಅಭಿಪ್ರಾಯ. ಆದರೆ ಅಂಥ ಸುರುಳಿ ಉಳಿದುಕೊಂಡ ಸೈಕಲ್ಲಿಗೆ ರೀಡ್ ಸ್ವಿಚ್ಚನ್ನು ನಿರೀಕ್ಷಿಸುವ ಯಂತ್ರವನ್ನು ಜೋಡಿಸಿದರೆ ಅದು ಕೆಲಸ ಮಾಡಲಾರದು. ಒಂದು ಸ್ವಿಚ್ಚಿನ ಭಾಷೆ, ಇನ್ನೊಂದು ಅಲೆಯ ಭಾಷೆ.

ಹಾಗಾದರೆ ಫೋರ್ಕಿನ ಮೇಲೆ ಉಳಿದಿರುವುದು ಯಾವುದೆಂದು ತಿಳಿಯುವುದು ಹೇಗೆ? ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮಲ್ಟಿಮೀಟರ್ ಇದ್ದೇ ಇರುತ್ತದೆ. ಹ್ಯಾಂಡಲ್ ತಟ್ಟೆಯ ಎರಡು ಚುಕ್ಕೆಗಳಿಗೆ ಅದರ ಕಡ್ಡಿಗಳನ್ನು ಮುಟ್ಟಿಸಿ ಗಾಲಿಯನ್ನು ನಿಧಾನವಾಗಿ ತಿರುಗಿಸಬೇಕು. ಅಯಸ್ಕಾಂತ ಎದುರಿಗೆ ಬಂದಾಗ ಮಾತ್ರ ಮಂಡಲ ಪೂರ್ಣಗೊಂಡು, ದಾಟಿದೊಡನೆ ತುಂಡಾದರೆ ಅದು ರೀಡ್ ಸ್ವಿಚ್ಚು. ಏನು ಮಾಡಿದರೂ ಒಂದೇ ರೋಧವನ್ನು ತೋರಿಸುತ್ತಿದ್ದರೆ ಅದು ಸುರುಳಿ. ಏನನ್ನೂ ತೋರಿಸದಿದ್ದರೆ ಮೊದಲು ಅಯಸ್ಕಾಂತವನ್ನು ಸ್ವಿಚ್ಚಿನಿಂದ 5 ಮಿಲಿಮೀಟರಿನೊಳಗೆ ತಂದು ಇನ್ನೊಮ್ಮೆ ನೋಡಬೇಕು. ಆಗಲೂ ಮೌನವಾಗಿದ್ದರೆ ತಂತಿ ಎಲ್ಲೋ ಒಳಗೇ ತುಂಡಾಗಿದೆ. ರೀಡ್ ಸ್ವಿಚ್ಚೇ ಆಗಿದ್ದರೆ ವಿದ್ಯುತ್ತಿನ ಮಟ್ಟಿಗೆ ಬೇರೆ ಕಂಪನಿಯ ಯಂತ್ರವೂ ಬಹುಮಟ್ಟಿಗೆ ಒಪ್ಪಿಕೊಳ್ಳುತ್ತದೆ. ಒಪ್ಪದಿರುವುದು ತಟ್ಟೆ. ಚುಕ್ಕೆಗಳ ನಡುವಿನ ಅಂತರ, ಜಾರಿಸುವ ಗಾಡಿ, ಬೀಗದ ಹಲ್ಲು, ಇವೆಲ್ಲ ಕಂಪನಿಗೊಂದು ತೆರ, ಒಮ್ಮೊಮ್ಮೆ ಒಂದೇ ಕಂಪನಿಯಲ್ಲೂ ವರ್ಷಕ್ಕೊಂದು ತೆರ. ಇದರಲ್ಲಿ ಭೌತಶಾಸ್ತ್ರ ಏನೂ ಇಲ್ಲ, ವ್ಯಾಪಾರವಿದೆ. ಹೊಸ ಯಂತ್ರದ ಜೊತೆ ಅದರದೇ ತಟ್ಟೆ ಮತ್ತು ತಂತಿ ಬರುತ್ತವೆಯೇ ಎಂದು ಅಂಗಡಿಯಲ್ಲಿ ಕೇಳಿ ನೋಡುವುದು ಕ್ಷೇಮ. ಬರುವುದಾದರೆ ಹಳೆಯದನ್ನು ಕಳಚಿಟ್ಟುಬಿಡಬಹುದು.

ತಂತಿಯಿಲ್ಲದ ಮಾಪಕಗಳು ಬಂದಾಗ ತೊಡಕು ಕಣ್ಣಿಗೂ ಕಾಣದಂತಾಯಿತು. ಮೊದಲ ತಲೆಮಾರಿನವುಗಳಲ್ಲಿ ಫೋರ್ಕಿನ ಗಂಟು ಒಂದು ಮೀಟರಿಗೂ ಕಡಿಮೆ ದೂರ ಮುಟ್ಟುವ ದುರ್ಬಲ ಸಂಕೇತವನ್ನು ಕಳುಹಿಸುತ್ತಿತ್ತು. ಸಂಕೇತದ ರೀತಿ ಆಯಾ ತಯಾರಕರಿಗೇ ಬಿಟ್ಟದ್ದು. ಯಂತ್ರ ಕಳೆದುಹೋದರೆ ಗಂಟು ಅನಾಥ. ಕೆನಡಾದ ಡೈನಾಸ್ಟ್ರೀಮ್ ಕಂಪನಿ ರೂಪಿಸಿದ ಆಂಟ್ ಪ್ಲಸ್ ಮತ್ತು 2010ರ ಬ್ಲೂಟೂತ್ 4.0, ಈ ಎರಡು ಒಪ್ಪಂದಗಳಿಂದ ಒಬ್ಬರ ಸೆನ್ಸರನ್ನು ಇನ್ನೊಬ್ಬರ ಯಂತ್ರ ಕೇಳಿಸಿಕೊಳ್ಳುವ ಕಾಲ ಬಂತು. ಡೈನಾಸ್ಟ್ರೀಮನ್ನು 2006ರಲ್ಲಿ ಗಾರ್ಮಿನ್ ಕೊಂಡುಕೊಂಡಿತು. ಹಳೆಯ ಸೈಕಲ್ಲಿನ ಮೇಲೆ ಇವೆರಡರಲ್ಲಿ ಒಂದರ ಗುರುತಿರುವ ಗಂಟು ಸಿಕ್ಕರೆ ಅದನ್ನು ಬಿಸಾಡಬೇಡಿ. ಬಟನ್ ಬ್ಯಾಟರಿ ಹಾಕಿ ನೋಡಿ. ನಮ್ಮ ದೂರದರ್ಶನದ ಕಸುಬಿನಲ್ಲೂ ಇಂಥದೇ ಘಟ್ಟವೊಂದು ಬಂದುಹೋಗಿದೆ. ಮನೆಯ ವಿಸಿಆರಿನ ನಾಲ್ಕಂಕಿಯ ಕೌಂಟರ್ ಸುರುಳಿಯ ಸುತ್ತುಗಳನ್ನು ಎಣಿಸುತ್ತಿತ್ತು, ಒಂದು ಯಂತ್ರದ 0450 ಇನ್ನೊಂದರಲ್ಲಿ ಬೇರೆಲ್ಲೋ ಇರುತ್ತಿತ್ತು. ಟೇಪಿನ ಮೇಲೆಯೇ ಗಂಟೆ, ನಿಮಿಷ, ಸೆಕೆಂಡು, ಫ್ರೇಮುಗಳನ್ನು ಬರೆಯುವ ಟೈಮ್‌ಕೋಡನ್ನು ಎಲ್ಲರೂ ಒಪ್ಪಿದ ಮೇಲೆಯೇ ಸ್ಟುಡಿಯೋಗಳಲ್ಲಿ ಆ ಜಗಳ ತೀರಿದ್ದು.

ಹೊಸ ಯಂತ್ರ ಕೂತಿತು ಎನ್ನೋಣ. ಪರಿಧಿಯನ್ನು ತುಂಬದೆ ಬಿಟ್ಟರೆ ಏನಾಗುತ್ತದೆ? ನಮ್ಮ ಊರುಗಳ ಕಪ್ಪು ರೋಡ್‌ಸ್ಟರ್ ಸೈಕಲ್ಲಿನ ಗಾಲಿ 28 ಇಂಚಿನದು, ಪರಿಧಿ ಸುಮಾರು 2234 ಮಿಲಿಮೀಟರ್. ಯಂತ್ರದಲ್ಲಿ ರೇಸ್ ಸೈಕಲ್ಲಿನ 2096 ಉಳಿದಿದ್ದರೆ ನೀವು 100 ಕಿಲೋಮೀಟರ್ ತುಳಿದಾಗ ಅದು 94 ಎನ್ನುತ್ತದೆ. ಕೋಷ್ಟಕಕ್ಕಿಂತ ಸೀಮೆಸುಣ್ಣವನ್ನು ನಂಬುವುದು ಒಳ್ಳೆಯದು. ಟೈರಿನ ಮೇಲೂ ನೆಲದ ಮೇಲೂ ಗುರುತು ಹಾಕಿ, ಸೈಕಲ್ಲಿನ ಮೇಲೆ ಕೂತೇ ಐದು ಸುತ್ತು ನೇರವಾಗಿ ಸಾಗಿ, ಅಳೆದು ಐದರಿಂದ ಭಾಗಿಸಬೇಕು. ಕೂತೇ ಅಳೆಯಬೇಕು, ಏಕೆಂದರೆ ನಿಮ್ಮ ಭಾರಕ್ಕೆ ಟೈರು ತಗ್ಗಿ ಪರಿಧಿ ಕೆಲವು ಮಿಲಿಮೀಟರ್ ಕಡಿಮೆಯಾಗುತ್ತದೆ.

ಕೆಲವು ಮಿಲಿಮೀಟರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿಗೆ ಮ್ಯಾರಥಾನಿನ ಕಥೆಯನ್ನು ಹೇಳಬೇಕು. 42.195 ಕಿಲೋಮೀಟರ್ ರಸ್ತೆಯನ್ನು ಉಕ್ಕಿನ ಟೇಪಿನಿಂದ ಅಳೆಯುವುದು ಸುಲಭವಲ್ಲ. ಇಂಗ್ಲೆಂಡಿನ ಜಾನ್ ಜ್ಯುವೆಲ್ 1961ರಲ್ಲಿ ಸೈಕಲ್ಲಿನಿಂದ ಅಳೆಯುವ ಕ್ರಮವನ್ನು ವಿವರಿಸಿದರು. ಅಮೆರಿಕದ ಓಟಗಾರ ಟೆಡ್ ಕಾರ್ಬಿಟ್ ಅದನ್ನು ತಮ್ಮ ದೇಶಕ್ಕೆ ತಂದರು. 1971ರಲ್ಲಿ ಅಲನ್ ಜೋನ್ಸ್ ಮತ್ತು ಅವರ ಮಗ ಮುಂದಿನ ಹಬ್ಬಿಗೆ ಹಾಕುವ ಹಲ್ಲುಚಕ್ರದ ಎಣಿಕೆಯಂತ್ರವೊಂದನ್ನು ರಚಿಸಿದರು. ಜೋನ್ಸ್ ಕೌಂಟರ್ ಗಾಲಿಯ ಒಂದು ಸುತ್ತನ್ನು ಇಪ್ಪತ್ತಕ್ಕೂ ಹೆಚ್ಚು ಪಾಲು ಮಾಡಿ ಎಣಿಸುತ್ತದೆ. ಸ್ವಾರಸ್ಯವೆಂದರೆ ಅದು ಮೀಟರುಗಳನ್ನು ತೋರಿಸುವುದೇ ಇಲ್ಲ, ಎಣಿಕೆಯನ್ನಷ್ಟೇ ತೋರಿಸುತ್ತದೆ. ಟೇಪಿನಿಂದ ಅಳೆದ ಕನಿಷ್ಠ 300 ಮೀಟರ್ ನೇರ ರಸ್ತೆಯ ಮೇಲೆ ಮೊದಲು ನಾಲ್ಕು ಸಲ ಓಡಿಸಿ ಎಣಿಕೆಯನ್ನು ಬರೆದುಕೊಳ್ಳಬೇಕು. ಮಾರ್ಗವನ್ನು ಅಳೆದು ಮುಗಿಸಿ ಬಂದ ಮೇಲೆ ಅದೇ ರಸ್ತೆಯ ಮೇಲೆ ಮತ್ತೆ ನಾಲ್ಕು ಸಲ, ಏಕೆಂದರೆ ಬಿಸಿಲೇರಿ ಟೈರಿನ ಗಾಳಿ ಹಿಗ್ಗಿದ್ದರೆ ಬೆಳಗಿನ ಗಾಲಿ ಮಧ್ಯಾಹ್ನದ ಗಾಲಿಯಲ್ಲ. ಇಷ್ಟಾದ ಮೇಲೂ ಸಾವಿರಕ್ಕೆ ಒಂದು ಪಾಲು, ಅಂದರೆ ಮ್ಯಾರಥಾನಿಗೆ 42 ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ಈ ಎಚ್ಚರಕ್ಕೆ ಕಾರಣವಿದೆ. 1981ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಆಲ್ಬರ್ಟೊ ಸಾಲಜಾರ್ 2 ಗಂಟೆ 8 ನಿಮಿಷ 13 ಸೆಕೆಂಡುಗಳಲ್ಲಿ ಓಡಿ, ಜಗತ್ತಿನಲ್ಲೇ ಅತಿ ವೇಗದ ಓಟವೆಂದು ಹೊಗಳಿಸಿಕೊಂಡರು. ಅನಂತರ ಮಾರ್ಗವನ್ನು ಮತ್ತೆ ಅಳೆದಾಗ ಅದು ಸುಮಾರು 150 ಮೀಟರ್ ಕಡಿಮೆಯಿತ್ತು. ದಾಖಲೆ ಉಳಿಯಲಿಲ್ಲ. ಇಂದಿಗೂ ಅಂತರರಾಷ್ಟ್ರೀಯ ರಸ್ತೆ ಓಟಗಳ ಮಾರ್ಗಕ್ಕೆ ಮುದ್ರೆ ಬೀಳುವುದು ಈ ಸೈಕಲ್ ವಿಧಾನದಿಂದಲೇ, ಉಪಗ್ರಹಗಳ ಜಿಪಿಎಸ್‌ನಿಂದಲ್ಲ.

ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ವಿಷಯದಲ್ಲಿ ಇನ್ನೊಂದು ಸಣ್ಣ ಸಂಗತಿ. ಹಳೆಯ ವಿದ್ಯುನ್ಮಾನ ಮಾಪಕಗಳಲ್ಲಿ ಬಹಳಷ್ಟು, ಬ್ಯಾಟರಿ ತೆಗೆದ ಕೂಡಲೆ ಪರಿಧಿಯನ್ನೂ ಒಟ್ಟು ದೂರವನ್ನೂ ಮರೆತುಬಿಡುತ್ತಿದ್ದವು. ಅದಕ್ಕಾಗಿಯೇ ಕೆಲವು ಮಾದರಿಗಳಲ್ಲಿ ಒಟ್ಟು ದೂರವನ್ನು ಕೈಯಿಂದ ತುಂಬುವ ಏರ್ಪಾಡು ಇರುತ್ತದೆ. ಸೈಕಲ್ ಮಾರುವವರು ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಹೊಸ ಯಂತ್ರದಲ್ಲಿ ಅಲ್ಲಿಂದಲೇ ಎಣಿಕೆಯನ್ನು ಮುಂದುವರಿಸಬಹುದು. ಆದ್ದರಿಂದ ಬೆಲೆ ಮಾತನಾಡುವಾಗಲೇ ಕೇಳಿಬಿಡಿ: ಇದು ಎಷ್ಟು ಓಡಿದೆ, ಗಾಲಿಗೆ ಯಾವ ಸಂಖ್ಯೆಯನ್ನು ತುಂಬಿದ್ದಿರಿ, ಕಂಪ್ಯೂಟರನ್ನು ಇಟ್ಟಿದ್ದೀರಾ, ಕಳೆದಿರಾ.