ವಿಮಾನ ಹಾರಾಟ ಬೋಧಕರ ಮೌಖಿಕ ಪರೀಕ್ಷೆ: ಸಂಕ್ಷಿಪ್ತವಾಗಿ ಉತ್ತರಿಸುವ ಕ್ರಮ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತರಬೇತಿ ಪಡೆದು, ಅಲ್ಲಿಯ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ನಿಂದ ವಿಮಾನ ಹಾರಾಟ ಬೋಧಕ ಪ್ರಮಾಣಪತ್ರ ಪಡೆಯಬಯಸುವ ಅಭ್ಯರ್ಥಿಗಳ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಅರ್ಹತೆ

1. ಕನಿಷ್ಠ 18 ವರ್ಷ ವಯಸ್ಸು. ಇಂಗ್ಲಿಷ್ ಓದುವ, ಬರೆಯುವ, ಮಾತನಾಡುವ ಹಾಗೂ ಅರ್ಥಮಾಡಿಕೊಳ್ಳುವ ಸಾಮರ್ಥ್ಯ.
2. ವಾಣಿಜ್ಯ ಪೈಲಟ್ ಅಥವಾ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಪ್ರಮಾಣಪತ್ರ, ಇನ್‌ಸ್ಟ್ರುಮೆಂಟ್ ರೇಟಿಂಗ್.
3. ಜ್ಞಾನ ಪರೀಕ್ಷೆಗಳಲ್ಲಿ ತೇರ್ಗಡೆ (ಕನಿಷ್ಠ 70 ಅಂಕ).
4. ಸ್ಪಿನ್ ತರಬೇತಿ ಸೇರಿದಂತೆ ಅಗತ್ಯ ತರಬೇತಿ ಪಡೆದ ಬಗ್ಗೆ ಲಾಗ್‌ಬುಕ್‌ನಲ್ಲಿ ಬೋಧಕರ ದೃಢೀಕರಣ.

ಪರೀಕ್ಷೆಯ ಸ್ವರೂಪ

ಪ್ರಾಯೋಗಿಕ ಪರೀಕ್ಷೆಯು ಮೌಖಿಕ ಹಾಗೂ ಹಾರಾಟ ಎಂಬ ಎರಡು ಭಾಗಗಳನ್ನು ಹೊಂದಿರುತ್ತದೆ. ವಿಮಾನ ವರ್ಗಕ್ಕೆ ಪ್ರತ್ಯೇಕ ಮಾನದಂಡವು 2024ರ ಮೇ 31ರಿಂದ ಜಾರಿಗೆ ಬಂದಿದೆ. ಮೌಖಿಕ ಭಾಗದಲ್ಲಿ ಪರೀಕ್ಷಕರು ಎರಡು ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು, ಅಭ್ಯರ್ಥಿಗೆ ವಿಷಯ ತಿಳಿದಿದೆಯೇ ಎಂಬುದು. ಇನ್ನೊಂದು, ಆ ವಿಷಯವನ್ನು ವಿದ್ಯಾರ್ಥಿಗೆ ಕಲಿಸಬಲ್ಲರೇ ಎಂಬುದು. ಮೊದಲನೆಯದಕ್ಕೆ ಒಂದೆರಡು ವಾಕ್ಯ ಸಾಕು. ಎರಡನೆಯದಕ್ಕೆ ಉದ್ದೇಶ, ಚಿತ್ರ, ಉದಾಹರಣೆ ಹಾಗೂ ವಿದ್ಯಾರ್ಥಿಗೆ ಅರ್ಥವಾಯಿತೇ ಎಂಬ ಪರಿಶೀಲನೆ ಬೇಕು. ಮೊದಲ ಬಗೆಯ ಪ್ರಶ್ನೆಗೆ ಪಾಠ ಹೇಳುವುದು ಅಭ್ಯರ್ಥಿಗಳು ಮಾಡುವ ಸಾಮಾನ್ಯ ತಪ್ಪು. ಯಾವ ಬಗೆ ಎಂಬುದು ಸ್ಪಷ್ಟವಾಗದಿದ್ದಲ್ಲಿ, "ಇದನ್ನು ಪಾಠವಾಗಿ ವಿವರಿಸಬೇಕೇ?" ಎಂದು ಕೇಳಿ ತಿಳಿದುಕೊಳ್ಳುವುದು ಸೂಕ್ತ.

ಉತ್ತರಿಸುವ ಕ್ರಮ

1. ಪ್ರಶ್ನೆಯನ್ನು ಪೂರ್ಣವಾಗಿ ಕೇಳಿಸಿಕೊಂಡು, ಕೇಳಿದ್ದಕ್ಕೆ ಮಾತ್ರ ಮೊದಲು ಉತ್ತರಿಸತಕ್ಕದ್ದು.
2. ಅಗತ್ಯವಿದ್ದಲ್ಲಿ ಒಂದು ಕಾರಣ ಸೇರಿಸಿ ನಿಲ್ಲಿಸತಕ್ಕದ್ದು. ಕೇಳದೆ ಸೇರಿಸಿದ ಪ್ರತಿಯೊಂದು ಪದವೂ ಹೊಸ ಪ್ರಶ್ನೆಗೆ ಎಡೆಮಾಡಿಕೊಡಬಹುದು.
3. ನಿಖರ ಅಂಕಿ ನೆನಪಿಲ್ಲದಿದ್ದಲ್ಲಿ ಊಹೆ ಮಾಡದೆ, ಅದು ಯಾವ ನಿಯಮದಲ್ಲಿ ಅಥವಾ ವಿಮಾನದ ಯಾವ ಕೈಪಿಡಿಯಲ್ಲಿದೆ ಎಂದು ತಿಳಿಸಿ, ಪರೀಕ್ಷಕರ ಅನುಮತಿ ಪಡೆದು ತೆರೆದು ತೋರಿಸಬಹುದು. ಆದರೆ ಪ್ರತಿ ಪ್ರಶ್ನೆಗೂ ಪುಸ್ತಕ ಹುಡುಕುವುದು ಸಿದ್ಧತೆಯ ಕೊರತೆ ಎನಿಸುತ್ತದೆ.
4. ತಪ್ಪು ಹೇಳಿದ್ದು ಅರಿವಿಗೆ ಬಂದ ಕೂಡಲೇ ತಿದ್ದಿಕೊಳ್ಳತಕ್ಕದ್ದು.

ಉದಾಹರಣೆಗಳು

ಪ್ರಶ್ನೆ: ಸ್ಟಾಲ್ ಯಾವಾಗ ಉಂಟಾಗುತ್ತದೆ?
ಉತ್ತರ: ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನ ತನ್ನ ಮಿತಿಯನ್ನು ಮೀರಿದಾಗ, ಇದು ಯಾವುದೇ ವೇಗದಲ್ಲಿ ಆಗಬಹುದು.

ಪ್ರಶ್ನೆ: 60 ಡಿಗ್ರಿ ಓರೆಯಲ್ಲಿ ಎತ್ತರ ಬದಲಾಗದಂತೆ ತಿರುಗಿದರೆ ಏನಾಗುತ್ತದೆ?
ಉತ್ತರ: ರೆಕ್ಕೆಗಳ ಮೇಲಿನ ಭಾರ ಎರಡು ಪಟ್ಟಾಗುತ್ತದೆ; ಸ್ಟಾಲ್ ವೇಗ ಸುಮಾರು ಶೇ. 41ರಷ್ಟು ಹೆಚ್ಚುತ್ತದೆ.

ಪ್ರಶ್ನೆ: ವಿದ್ಯಾರ್ಥಿ ಪೈಲಟ್ ಪ್ರಯಾಣಿಕರನ್ನು ಕರೆದೊಯ್ಯಬಹುದೇ?
ಉತ್ತರ: ಇಲ್ಲ.

ಕೊನೆಯ ಉತ್ತರ ಒಂದೇ ಪದದ್ದಾದರೂ ಪೂರ್ಣವಾಗಿದೆ. ವಿದ್ಯಾರ್ಥಿಯು ಏಕಾಂಗಿಯಾಗಿ ಹಾರುವುದು ಬೋಧಕರ ಸಹಿಯ ಆಧಾರದ ಮೇಲೆ. ಆ ದೃಢೀಕರಣವನ್ನು 90 ದಿನಗಳೊಳಗೆ ನೀಡಿರಬೇಕು. ಸ್ಪಷ್ಟವಾಗಿ ಹೇಳಲಾರದ ಬೋಧಕರ ಮಾತು ಗಾಳಿಯಲ್ಲಿರುವ ವಿದ್ಯಾರ್ಥಿಗೆ ತುರ್ತಿನಲ್ಲಿ ನೆರವಾಗದು. ಪರೀಕ್ಷಕರು ಸಂಕ್ಷಿಪ್ತತೆಯನ್ನು ಗಮನಿಸುವುದಕ್ಕೆ ಇದೇ ಕಾರಣ.

ಫಲಿತಾಂಶ

ತೇರ್ಗಡೆಯಾದವರಿಗೆ ಗರಿಷ್ಠ 120 ದಿನಗಳ ತಾತ್ಕಾಲಿಕ ಪ್ರಮಾಣಪತ್ರ ನೀಡಲಾಗುತ್ತದೆ. ಅನುತ್ತೀರ್ಣರಾದವರು ಹೆಚ್ಚುವರಿ ತರಬೇತಿ ಹಾಗೂ ಬೋಧಕರ ಹೊಸ ದೃಢೀಕರಣ ಪಡೆದು ಮರುಪರೀಕ್ಷೆಗೆ ಹಾಜರಾಗಬಹುದು. 60 ದಿನಗಳೊಳಗೆ ಹಾಜರಾದಲ್ಲಿ, ಈಗಾಗಲೇ ತೇರ್ಗಡೆಯಾದ ಭಾಗಗಳನ್ನು ಪರಿಗಣಿಸಲು ಅವಕಾಶವಿದೆ. ಸ್ಟಾಲ್ ಮತ್ತು ಸ್ಪಿನ್ ವಿಷಯದಲ್ಲಿನ ಕೊರತೆಯಿಂದ ಅನುತ್ತೀರ್ಣರಾದವರು ಮರುಪರೀಕ್ಷೆಯಲ್ಲಿ ಸ್ಪಿನ್ ಅನ್ನು ವಿಮಾನದಲ್ಲೇ ಮಾಡಿ ತೋರಿಸಬೇಕಾಗುತ್ತದೆ.

ಸೂಚನೆ: ಈ ಪ್ರಮಾಣಪತ್ರವು ತಾನಾಗಿಯೇ ಭಾರತದಲ್ಲಿ ಹಾರಾಟ ಬೋಧಿಸುವ ಅಧಿಕಾರ ನೀಡುವುದಿಲ್ಲ. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಅನ್ವಯಿಸುತ್ತವೆ.