ಟಗರಿನ ಮುಂದಿನ ಹುರುಳಿ

ಮೋಡ ಸರಿದ ಬೆಳಿಗ್ಗೆ ಕೆಮ್ಮಣ್ಣುಗುಂಡಿಯ ರಾಜಭವನದ ಮುಂದೆ ನಿಂತರೆ ಕೆಳಗೆ ಬಯಲು ಹರಡಿಕೊಂಡಿರುವುದು ಕಾಣುತ್ತದೆ. ತರೀಕೆರೆಯ ತೋಟಗಳ ಹಸಿರು ಮುಗಿಯುತ್ತಿದ್ದಂತೆ ಅಜ್ಜಂಪುರ, ಕಡೂರು ಕಡೆಯ ಒಣ ಹೊಲಗಳು ಶುರುವಾಗುತ್ತವೆ. ಬಾಬಾಬುಡನ್ ಬೆಟ್ಟಸಾಲು ಮಳೆಯನ್ನೆಲ್ಲ ತಾನೇ ಉಂಡು, ಉಳಿದದ್ದನ್ನು ಆ ಕಡೆಗೆ ಕಳಿಸುತ್ತದೆ. ಬೆಳೆ ಕೈಕೊಟ್ಟ ವರ್ಷ ಅಲ್ಲಿ ಕೈಹಿಡಿಯುವುದು ಕುರಿ.

ಅಜ್ಜಂಪುರವೆಂದರೆ ಎಲ್ಲರಿಗೂ ನೆನಪಾಗುವುದು ಅಮೃತಮಹಲ್ ದನ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅದಕ್ಕೆ ಟಿಪ್ಪು ಇಟ್ಟ ಹೊಸ ಹೆಸರು, 1860ರಲ್ಲಿ ಬ್ರಿಟಿಷರು ಅದನ್ನು ಒಡೆದು ಮಾರಿದ್ದು, ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದ್ದು, ಎಲ್ಲವೂ ದಾಖಲಾಗಿದೆ. ಸರ್ಕಾರದ ದನಕ್ಕೆ ಕಾವಲುಗಳಿದ್ದವು, ದಫ್ತರವಿತ್ತು. ಅದೇ ಸೀಮೆಯ ಕುರುಬರ, ಗೊಲ್ಲರ ಕುರಿಗೆ ಅಂಥ ಭಾಗ್ಯ ಇರಲಿಲ್ಲ. ಹೀಗಾಗಿ ಟಗರನ್ನು ಮಾರುವ ಮುಂಚಿನ ಎರಡು ಮೂರು ತಿಂಗಳು ಅದಕ್ಕೆ ಏನು ತಿನ್ನಿಸಿ ಮೈ ತುಂಬಿಸುತ್ತಿದ್ದರು ಎಂಬುದನ್ನು ಅಲ್ಲಿ ಇಲ್ಲಿ ಹೆಕ್ಕಿಯೇ ತಿಳಿಯಬೇಕು.

ಈ ಸಂಗತಿ ಸಿಕ್ಕುವ ಒಂದು ಕಡೆ ದೊರೆಗಳ ಊಟದ ಮೇಜು. ದಂಡು ಪ್ರದೇಶಗಳಲ್ಲಿದ್ದ ಇಂಗ್ಲಿಷರಿಗೆ ಬಜಾರಿನ ಮಾಂಸದ ಮೇಲೆ ನಂಬಿಕೆ ಇರಲಿಲ್ಲ. ಅದಕ್ಕಾಗಿ ಕೆಲವು ಮನೆಯವರು ಕೂಡಿ ಕುರಿ ಕ್ಲಬ್ ಮಾಡಿಕೊಳ್ಳುತ್ತಿದ್ದರು. ಸಾಮೂಹಿಕವಾಗಿ ಕುರಿ ಕೊಂಡು, ಕಾಯಲು ಆಳಿಟ್ಟು, ಕಾಳು ತಿನ್ನಿಸಿ, ಕೊಯ್ದ ದಿನ ಹಂಚಿಕೊಳ್ಳುವುದು ಅದರ ಕ್ರಮ. ಅಟ್ಕಿನ್ಸನ್ ಎಂಬ ಸೇನಾಧಿಕಾರಿ 1859ರಲ್ಲಿ ಪ್ರಕಟಿಸಿದ ‘ಕರಿ ಅಂಡ್ ರೈಸ್’ ಎಂಬ ಹಾಸ್ಯದ ಚಿತ್ರಪುಸ್ತಕದಲ್ಲಿ ಈ ಕ್ಲಬ್ಬಿಗೂ ಜಾಗವಿದೆ. ಈ ಮಾಂಸಕ್ಕೆ ‘ಗ್ರಾಮ್ ಫೆಡ್’ ಎಂದು ಹೆಸರು. 1886ರ ಹಾಬ್ಸನ್-ಜಾಬ್ಸನ್ ನಿಘಂಟು ಈ ಮಾತಿಗೆ ಇನ್ನೊಂದು ಅರ್ಥವನ್ನೂ ಕೊಡುತ್ತದೆ: ಮುದ್ದು ಮಾಡಿ ಕೊಬ್ಬಿಸಿದ ವ್ಯಕ್ತಿ!

‘ಗ್ರಾಮ್’ ಎಂದರೆ ಉತ್ತರದಲ್ಲಿ ಕಡಲೆ, ದಕ್ಷಿಣದಲ್ಲಿ ಹೆಚ್ಚಾಗಿ ಹುರುಳಿ. ದೊರೆಗಳ ಕುದುರೆಗೂ ಟಗರಿಗೂ ಹಾಕುತ್ತಿದ್ದ ಹುರುಳಿಯನ್ನೇ ನಮ್ಮ ಮನೆಗಳಲ್ಲಿ ಬೇಯಿಸಿ ಕಟ್ಟಿನ ಸಾರು ಮಾಡುತ್ತೇವೆ. ಸಮಸ್ಯೆಯ ಬೇರು ಇಲ್ಲೇ ಇದೆ. ಟಗರಿನ ಮುಂದಿನ ಕಾಳು ಮನುಷ್ಯನ ತಟ್ಟೆಯಿಂದಲೇ ಹೋಗಬೇಕು. 1876-78ರ ಧಾತು ಈಶ್ವರದ ಬರದಲ್ಲಿ ಆ ತಟ್ಟೆಯೇ ಬರಿದಾಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅಂಥ ದಿನಗಳಲ್ಲಿ ಕುರಿಗೆ ಹುರುಳಿ ಹಾಕುವವರಾರು?

ಬಡವರ ಮನೆಯ ಟಗರು ಕಾಳು ಕಂಡದ್ದು ಯಾವತ್ತೂ ಕಡಿಮೆಯೇ. ಕಾಳು ಬಡಿದ ಮೇಲೆ ಉಳಿದ ಹುರುಳಿ, ಅವರೆ, ತೊಗರಿಯ ಹೊಟ್ಟು, ಗಾಣದ ಹಿಂಡಿ, ಬೇಸಗೆಯಲ್ಲಿ ಕರಿಜಾಲಿಯ ಕಾಯಿ, ಇವೇ ಅದರ ಮೇವು. ವಿಜ್ಞಾನಿಗಳು ಇಂದು ‘ಪರ್ಯಾಯ ಆಹಾರ’ ಎಂದು ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಜಾಲಿಕಾಯಿಯಲ್ಲಿ ಒಗರಿನ ಅಂಶ, ಅಂದರೆ ಟ್ಯಾನಿನ್ ಇದೆ. ಹೆಚ್ಚಾದರೆ ಮೇವಿನ ಸಸಾರಜನಕ ಮೈಗೆ ಹತ್ತುವುದಿಲ್ಲ. ಹದವಾಗಿದ್ದರೆ, ಹಸಿರು ಮೇಯ್ದ ಕುರಿಯ ಮಾಂಸಕ್ಕೆ ಬರುವ ಗಾಢ ವಾಸನೆಯನ್ನು ಟ್ಯಾನಿನ್ ತಗ್ಗಿಸಬಲ್ಲದು.

ಕಾಳು ತಿನ್ನಿಸಿದರೆ ಮಾಂಸ ತಾನಾಗಿ ಉತ್ತಮವಾಗುತ್ತದೆಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. ಸ್ಕಾಟ್ಲೆಂಡಿನ ರೊವೆಟ್ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಬರೀ ಬಾರ್ಲಿಯ ಮೇಲೆ ಬೆಳೆಸಿದ ಮರಿಗಳ ಚರ್ಮದಡಿಯ ಕೊಬ್ಬು ಗಟ್ಟಿಯಾಗದೆ ಮೆತ್ತಗಾಗಿತ್ತು. ಕಾಳನ್ನು ನುರಿಸದೆ ಇಡಿಯಾಗಿ ಹಾಕಿದಾಗ ಆ ದೋಷ ಕಡಿಮೆಯಾಯಿತು. ಕುರಿ ಇಡೀ ಕಾಳನ್ನು ಚೆನ್ನಾಗಿ ಅಗಿಯಬಲ್ಲದು. ಹಸಿರು ಮೇವಿನಲ್ಲಿ ‘ಇ’ ಜೀವಸತ್ವ ಹೆಚ್ಚು, ಅದು ಕೊಯ್ದ ಮಾಂಸದ ಕೆಂಪನ್ನು ಹೆಚ್ಚು ಹೊತ್ತು ಕಾಪಾಡುತ್ತದೆ. ಇನ್ನು ಮೇವಿನಿಂದ ಕಾಳಿಗೆ ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಹುಳಿಯಾಗಿಯೋ ಕರುಳುಬೇನೆ ಬಂದೋ ಚೆನ್ನಾಗಿ ಮೈ ತುಂಬಿದ ಮರಿಯೇ ಮೊದಲು ಸಾಯುತ್ತದೆ. ವರ್ಷತೊಡಕಿಗೋ ಬಕ್ರೀದಿಗೋ ಎಂದು ಸಾಲ ಮಾಡಿ ಕಟ್ಟಿದ ಟಗರು ಹಾಗೆ ಹೋದರೆ ಮನೆಯ ಇಡೀ ವರ್ಷದ ಲೆಕ್ಕ ತಪ್ಪುತ್ತದೆ.

ಬೆಟ್ಟದ ಬುಡದಲ್ಲೇ ಇನ್ನೂ ಎರಡು ವಸ್ತುಗಳಿವೆ. ಒಂದು ಕಾಫಿ ಹಣ್ಣಿನ ಸಿಪ್ಪೆ. ಕಾಫಿ ನಾಡಿನಲ್ಲಿ ಅದಕ್ಕೆ ಬರವಿಲ್ಲ. ಆದರೆ ಕೆಫೀನ್ ಇರುವುದರಿಂದ ಪಶುಗಳು ಅದನ್ನು ಒಲ್ಲವು, ಮೂತ್ರವೂ ಹೆಚ್ಚುತ್ತದೆ. ಗ್ವಾಟೆಮಾಲಾದ ವಿಜ್ಞಾನಿಗಳು 1970ರ ದಶಕದಲ್ಲಿ ಇದರ ಹಿಂದೆ ಬಿದ್ದು, ಸ್ವಲ್ಪ ಪ್ರಮಾಣಕ್ಕಿಂತ ಹೆಚ್ಚು ಬೆರೆಸುವಂತಿಲ್ಲ ಎಂಬಲ್ಲಿಗೆ ಬಂದರು. ಇನ್ನೊಂದು ತರೀಕೆರೆ ತೋಟಗಳ ಅಡಿಕೆ ಹಾಳೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಅದನ್ನು ಒಣಗಿಸಿ, ಚೂರು ಮಾಡಿ, ಒಣಹುಲ್ಲಿನ ಬದಲು ಹಸುಗಳಿಗೆ ಕೊಡಬಹುದೆಂದು ತೋರಿಸಿದೆ. ಹಾಳೆ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಟಗರಿಗಾದರೆ ಜೊತೆಗೆ ಹಿಂಡಿ ಇರಲೇಬೇಕು. ಮೆಕ್ಕೆಜೋಳ ಹಾಕೋಣವೆಂದರೆ ಅದು ಕೋಳಿಗೂ ಬೇಕು, ಈಗ ಎಥನಾಲ್ ಕಾರ್ಖಾನೆಗೂ ಬೇಕು.

ಜಾಲಿಕಾಯಿಗೆ ಮಾತ್ರ ಅಷ್ಟು ಪೈಪೋಟಿ ಇಲ್ಲ. ಕುರಿಗಾರರು ಉದ್ದನೆಯ ಕೋಲಿನಿಂದ ಕೊಂಬೆ ಅಲುಗಿಸಿದರೆ ಕಾಯಿ ಉದುರುತ್ತದೆ, ಮರಿಗಳು ಮುಗಿಬೀಳುತ್ತವೆ. ಗಟ್ಟಿ ಬೀಜ ಎಷ್ಟೋ ಸಲ ಅರಗದೆ ಹಿಕ್ಕೆಯಲ್ಲಿ ಹೊರಬರುತ್ತದೆ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡ ರೈತ ಮಳೆ ಬಿದ್ದ ಮೇಲೆ ಬಂದು ನೋಡಿದರೆ, ರಾಗಿ ಪೈರಿನ ನಡುವೆ ಜಾಲಿಯ ಸಸಿಗಳು ಎದ್ದಿರುತ್ತವೆ.