ಹಟ್ಟಿಯ ಹೊರಗಿನ ಗುಡಿಸಲು, ಸರ್ಕಾರದ ಕುಟೀರ

2023ರ ಜುಲೈ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಮಳೆಗಾಳಿಗೆ ತಡೆಯಿಲ್ಲದ ಗುಡಿಸಲಿನಲ್ಲಿ ಬಾಣಂತಿಯ ಜೊತೆಗಿದ್ದ ಎಳೆಗೂಸು ಕಾಯಿಲೆ ಬಿದ್ದು ತೀರಿಕೊಂಡಿತು. ಪೊಲೀಸ್ ಪ್ರಕರಣ ದಾಖಲಾಯಿತು. ಅದೇ ವರ್ಷ ಗುಬ್ಬಿಯ ನ್ಯಾಯಾಧೀಶೆ ಉಂಡಿ ಮಂಜುಳಾ ಶಿವಪ್ಪ ತಾವೇ ಗೊಲ್ಲರಹಟ್ಟಿಗೆ ಹೋಗಿ, ಹೊರಗಿಟ್ಟಿದ್ದ ಬಾಣಂತಿ ಮತ್ತು ಮಗುವನ್ನು ಮನೆ ಸೇರಿಸಿದರು.

ಸುದ್ದಿ ಹೊಸದಾಗಿತ್ತು, ಸಂಪ್ರದಾಯವಲ್ಲ. ತುಮಕೂರು, ಗುಬ್ಬಿ, ಶಿರಾ, ಚಿಕ್ಕನಾಯಕನಹಳ್ಳಿಯಿಂದ ಚಿತ್ರದುರ್ಗದವರೆಗೆ ಹರಡಿರುವ ಕಾಡುಗೊಲ್ಲರು ದನ-ಕುರಿ ಕಾಯುತ್ತ ಬಂದ ಬುಡಕಟ್ಟಿನವರು. ಊರಿಂದ ದೂರ, ಮುಳ್ಳುಬೇಲಿಯ ನಡುವೆ ಹಟ್ಟಿ ಕಟ್ಟಿಕೊಂಡವರು. ಜುಂಜಪ್ಪ, ಎತ್ತಪ್ಪರಂಥ ದೈವಗಳು ನೆಲೆಸಿರುವ ಹಟ್ಟಿಗೆ ಮುಟ್ಟು, ಹೆರಿಗೆಯ ಸೂತಕ ತಾಗಬಾರದೆಂಬುದು ನಂಬಿಕೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿಯೇ, ಹೆರಿಗೆಯಾಗುವ ಹೆಂಗಸನ್ನು ಊರಿಂದ ಸುಮಾರು 200 ಗಜ ದೂರದ ಸೊಪ್ಪಿನ ಇಲ್ಲವೇ ಚಾಪೆಯ ಗುಡಿಸಲಿಗೆ ಕಳಿಸುತ್ತಿದ್ದ ವಿವರವಿದೆ. ಒಳಗೆ ಬಂದರೆ ಮನೆಗೆ, ದನಕರುಗಳಿಗೆ ಕೇಡು ತಟ್ಟೀತೆಂಬ ಅಂಜಿಕೆ ಗಂಡಸರಿಗೆ ಮಾತ್ರವಲ್ಲ, ಹೊರಗೆ ಕೂರುವ ಹೆಂಗಸರಿಗೂ ಇದೆ. ಬರೀ ಆಜ್ಞೆಯಿಂದ ಇದು ನಿಲ್ಲದಿರುವುದಕ್ಕೆ ಆ ಅಂಜಿಕೆಯೇ ಮುಖ್ಯ ಕಾರಣ.

ಸರ್ಕಾರ ಏನು ಮಾಡಿತು? ಹೊರಗೆ ಕೂರುವ ಹೆಂಗಸರಿಗೆಂದು ಹಲವು ಹಟ್ಟಿಗಳ ಅಂಚಿನಲ್ಲಿ 'ಕೃಷ್ಣ ಕುಟೀರ' ಕಟ್ಟಿಸಿತು. ಹರಕು ಗುಡಿಸಲಿಗಿಂತ ಗಟ್ಟಿ ಗೋಡೆ, ಸೂರು ಮೇಲೆಂಬುದು ನಿಜ. ಆದರೆ ಹೆಣ್ಣನ್ನು ಹೊರಗಿಡುವ ಪದ್ಧತಿಗೆ ಸರ್ಕಾರಿ ಹಣದಲ್ಲಿ ಕಟ್ಟಡ ಎದ್ದಂತಾಯಿತು. ಮನೆಯೊಳಗೆ ಜಾಗ ಕೊಡಿಸಬೇಕಾದವರು ಹೊರಗಿನ ಜಾಗವನ್ನೇ ಭದ್ರಪಡಿಸಿದರು ಎಂದು ಮಹಿಳಾ ಹೋರಾಟಗಾರ್ತಿಯರು ಆಕ್ಷೇಪಿಸಿದ್ದು ಸರಿಯಾಗಿಯೇ ಇದೆ. 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಯಾದ ಮೌಢ್ಯ ಪ್ರತಿಬಂಧಕ ಕಾಯ್ದೆ ಹೆಣ್ಣನ್ನು ಬಲವಂತವಾಗಿ ಹೊರಗಿಡುವುದರ ಜೊತೆಗೆ, ಅದಕ್ಕೆ ಅನುಕೂಲ ಮಾಡಿಕೊಡುವುದನ್ನೂ ಅಪರಾಧವೆನ್ನುತ್ತದೆ. ಶಿಕ್ಷೆ 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಆ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿದರೆ ಕುಟೀರಕ್ಕೆ ಸಮರ್ಥನೆಯೇ ಸಿಗುವುದಿಲ್ಲ.

ಒಳ್ಳೆಯದನ್ನು ಮಾಡುತ್ತೇವೆಂದು ಹೊರಟ ಸರ್ಕಾರ, ಯಾರಿಗಾಗಿ ಹೊರಟಿತೋ ಅವರನ್ನೇ ಕೇಳದಿದ್ದರೆ ಏನಾಗುತ್ತದೆಂಬುದನ್ನು ಆಸ್ಟ್ರೇಲಿಯಾ ತೋರಿಸಿದೆ. 2007ರ ಜೂನ್‌ನಲ್ಲಿ ಅಲ್ಲಿನ ಪ್ರಧಾನಿ ಜಾನ್ ಹೋವರ್ಡ್, ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಉತ್ತರ ಪ್ರಾಂತದ ಮೂಲನಿವಾಸಿಗಳ 73 ವಸತಿಗಳನ್ನು ಗುರುತಿಸಿ, ಅಲ್ಲಿ ವಿಶೇಷ ಕ್ರಮಗಳನ್ನು ಹೇರಲು ಸೇನೆಯನ್ನೂ ಬಳಸಿಕೊಂಡರು. ಜನಾಂಗೀಯ ತಾರತಮ್ಯ ವಿರೋಧಿ ಕಾಯ್ದೆಯನ್ನೇ ಆ ಕ್ರಮಗಳ ಮಟ್ಟಿಗೆ ಬದಿಗಿರಿಸಲಾಯಿತು. ಅದರ ವಿರುದ್ಧ ಗಟ್ಟಿಯಾಗಿ ಮಾತನಾಡಿದವರಲ್ಲಿ ಮೂಲನಿವಾಸಿ ಮಹಿಳೆಯರೇ ಮುಂದಿದ್ದರು. ಆಲಿಸ್ ಸ್ಪ್ರಿಂಗ್ಸ್‌ನ ಬಾರ್ಬರಾ ಶಾ, ಯುಟೋಪಿಯಾದ ರೊಸಾಲಿ ಕುನೋತ್-ಮಾಂಕ್ಸ್ ಅವರಲ್ಲಿ ಪ್ರಮುಖರು. ಮಕ್ಕಳ ಸುರಕ್ಷೆ ಅವರಿಗೂ ಬೇಕಿತ್ತು. ಅದಕ್ಕಾಗಿ ತಮ್ಮ ಜನರ ಹಕ್ಕನ್ನು ಒತ್ತೆಯಿಡಲು ಅವರು ಒಪ್ಪಲಿಲ್ಲ.

ತುಮಕೂರಿನ ಹಟ್ಟಿಗಳಲ್ಲಿ ಮಗುವಿನ ಸುರಕ್ಷೆ, ಸಮುದಾಯದ ಹಕ್ಕು ಈ ಎರಡರ ನಡುವೆ ದಿನವೂ ದಾರಿ ಹುಡುಕಬೇಕಾದವಳು ಆಶಾ ಕಾರ್ಯಕರ್ತೆ. ಸರ್ಕಾರಿ ಕಾಗದದಲ್ಲಿ ಅವಳು ನೌಕರಳಲ್ಲ, ಪ್ರೋತ್ಸಾಹಧನ ಪಡೆಯುವ ಸ್ವಯಂಸೇವಕಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಮಗುವನ್ನು ನೋಡಿ, ತೂಕ ಹಾಕಿ, ಮೈ ಬೆಚ್ಚಗಿದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಬಾಣಂತಿ ಹಟ್ಟಿಯಾಚೆ ಕಳೆಯುವ ದಿನಗಳೂ ಅವೇ. ಪೊಲೀಸ್ ಜೀಪು ಬಂದಾಗ ಗುಡಿಸಲು ಖಾಲಿಯಾಗುತ್ತದೆ, ಹೋದ ಮೇಲೆ ಮತ್ತೆ ತುಂಬಬಹುದು. ಅತ್ತೆಯನ್ನು ಕೂರಿಸಿಕೊಂಡು, 'ಮಗೀಗೆ ಶೀತ ಆದ್ರೆ ದ್ಯಾವ್ರು ಮೆಚ್ತಾನಾ?' ಎಂದು ಕೇಳಬಲ್ಲವಳು ನಿತ್ಯ ಕಾಣುವ ಮುಖದವಳು ಮಾತ್ರ.

ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ರಾಜ್ಯ ಕೇಂದ್ರಕ್ಕೆ ಶಿಫಾರಸನ್ನೂ ಮಾಡಿದೆ. 2020ರ ಶಿರಾ ಉಪಚುನಾವಣೆಯ ಹೊತ್ತಿಗೆ ಅಭಿವೃದ್ಧಿ ನಿಗಮದ ಘೋಷಣೆಯಾಯಿತು. ಈ ಹಕ್ಕಿನ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಬೇಡಿಕೆಯೂ ಮೇಲ್ಸಾಲಿಗೆ ಬರಬೇಕು. ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿ ನಾಡೋಜ ಗೌರವ ಪಡೆದ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಇದೇ ಸಮುದಾಯದ ಹೆಣ್ಣುಮಗಳು. ಹಟ್ಟಿಯ ಪರಂಪರೆಯನ್ನು ಕಾಪಿಟ್ಟವರೇ ಅದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕೆಂದು ಹೇಳಲಿ. ಹಟ್ಟಿಯಲ್ಲಿ ಓದಿದ ಹುಡುಗಿಯರನ್ನೇ ಆಶಾ, ಅಂಗನವಾಡಿ, ನರ್ಸ್ ಹುದ್ದೆಗಳಿಗೆ ತರಬೇತಿಗೊಳಿಸಲಿ. ಕುಟೀರಕ್ಕೆ ಹಾಕುವ ಹಣ ಪ್ರತಿ ಮನೆಯ ಶೌಚಾಲಯಕ್ಕೆ, ಬಚ್ಚಲಿಗೆ, ಬಾಣಂತಿಯ ಕೋಣೆಗೆ ಹೋಗಲಿ.